ಹಾಲಲ್ಲಿ ಬೆಂದ ಫ್ರೈಡ್ ರೈಸ್

ಪಾಸ್ಟರ್ ಇಲ್ಲದೆ ನಮ್ಮ ಸಭೆಗೆ ಅದು ಎರಡನೆಯ ಚಳಿಗಾಲ. ಭಾನುವಾರ ಬಂದರೆ ಪೀಠದ ಮೇಲೆ ಯಾರಾದರೊಬ್ಬರು ನಿಲ್ಲಬೇಕಲ್ಲ. ಒಂದು ವಾರ ನಿವೃತ್ತ ಪಶುವೈದ್ಯರು ನಿಂತರೆ, ಇನ್ನೊಂದು ವಾರ ಶಾಲೆಯ ಬಸ್ಸು ಓಡಿಸುವವನು ನಿಲ್ಲುತ್ತಿದ್ದ. ಪಶುವೈದ್ಯರು ಮೀನು ನುಂಗಿದ ಪ್ರವಾದಿ ಯೋನನ ಕಥೆ ಹೇಳುತ್ತ ಮೀನಿನ ಹೊಟ್ಟೆಯ ವಿಸ್ತಾರದಲ್ಲೇ ಮೈಮರೆತು, ಯೋನನನ್ನು ಹೊರಗೆ ತರದೆಯೇ ಆಮೆನ್ ಹೇಳಿಬಿಟ್ಟರು. ಮುಂದಿನ ಭಾನುವಾರದವರೆಗೂ ಪ್ರವಾದಿ ಒಳಗೇ ಇದ್ದ. ಯಾರೂ ಏನೂ ಅನ್ನಲಿಲ್ಲ. ಮಿನೆಸೋಟದ ನಮ್ಮ ಕಡೆ ಯಾರಿಗೂ ಯಾರೂ ಏನೂ ಅನ್ನುವುದಿಲ್ಲ; ಮನೆಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ಅನ್ನುತ್ತೇವೆ.

ಕಡೆಗೆ ಬಿಷಪ್ಪರ ಕಚೇರಿಯಿಂದ ಮಾತು ಬಂತು. ಒಬ್ಬರನ್ನು ಕಳಿಸುತ್ತೇವೆ, ಇವರೇ ಕೊನೆಯವರು. ಇವರೂ ಒಪ್ಪದಿದ್ದರೆ ಈಸ್ಟರ್ ಕಳೆದ ಮೇಲೆ ಬಾಗಿಲು ಹಾಕಿ ಬ್ರಾಂಡ್ಟ್‌ವಿಲ್ ಸಭೆಯ ಜೊತೆ ಸೇರಿಕೊಳ್ಳಿ.

ಬ್ರಾಂಡ್ಟ್‌ವಿಲ್ ನಮ್ಮಿಂದ ದೂರವೇನಲ್ಲ. ಅವರದೂ ಅದೇ ದೇವರು, ಅದೇ ಹಾಡು, ನಾರ್ವೆಯಿಂದ ಅದೇ ಹಡಗಿನಲ್ಲಿ ಇಳಿದ ಅದೇ ಅಜ್ಜಂದಿರು. ಅದಕ್ಕೇ ಅವರಿಗೂ ನಮಗೂ ಆಗಿಬರುವುದಿಲ್ಲ.

ಈ ಮಾತು ಎಲ್ಲರಿಗಿಂತ ಹೆಚ್ಚು ತಾಗಿದ್ದು ಆರ್ಡಿಸ್‌ಗೆ. ಅವಳ ಅಪ್ಪ, ಅಮ್ಮ, ವಾರವಷ್ಟೇ ಬದುಕಿದ್ದ ಅವಳ ಚೊಚ್ಚಲ ಮಗು, ಎಲ್ಲರೂ ನಮ್ಮ ದೇವಾಲಯದ ಹಿಂದಿನ ಮಣ್ಣಿನಲ್ಲಿ ಮಲಗಿದ್ದಾರೆ. ಪಕ್ಕದಲ್ಲಿ ಅವಳದೂ ಒಂದು ಜಾಗವಿದೆ. "ಬಾಗಿಲು ಹಾಕಿದ ದೇವಾಲಯದ ಹಿಂದೆ ಹುಲ್ಲು ಕತ್ತರಿಸೋರು ಯಾರು?" ಎಂದು ಒಂದೇ ಒಂದು ಸಲ ಕೇಳಿದ್ದಳು. 

ಪಾಸ್ಟರನ್ನು ಕರೆಯುವ ಸಮಿತಿಯಲ್ಲಿ ಮೂವರಿದ್ದೆವು. ಅಧ್ಯಕ್ಷ ವರ್ಲಿನ್ ಟೊಲೆಫ್ಸ್‌ರುಡ್, ಆರ್ಡಿಸ್‌ಳ ಗಂಡ. ಬಾಯಿ ಬಿಟ್ಟರೆ ತೀರ್ಮಾನ, ಮುಚ್ಚಿದರೆ ಗೊರಕೆ. ಎರಡನೆಯವನು ದನದ ಮೇವಿನ ಅಂಗಡಿಯ ಗೇಲನ್. ಮೂರನೆಯದು ನಾನು, ಸಭೆಯಲ್ಲಿ ಕೀರ್ತನೆ ಓದುವುದು ಬಿಟ್ಟರೆ ನನಗೆ ದನಿಯಿಲ್ಲ, ಹಾಗಾಗಿ ಸಮಿತಿಗೆ ಬಹಳ ಅನುಕೂಲ.

ಆ ಶುಕ್ರವಾರ ವರ್ಲಿನ್ ಮನೆಯ ಅಡುಗೆಮನೆಯಲ್ಲಿ ಸೇರಿದ್ದೆವು. ಆರ್ಡಿಸ್ ಹಿಂದಿನ ವಾರ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಒಂದು ಕೈಗೆ ಪ್ಲಾಸ್ಟರು, ಇನ್ನೊಂದರಲ್ಲಿ ಕಾಫಿಯ ಹೂಜಿ.

"ಕಾಫಿ ಹಾಕ್ಲಾ ಗೇಲನ್?"

"ಅಯ್ಯೋ ಬೇಡ, ಬೇಡ. ಈಗ ತಾನೇ ಕುಡ್ಕೊಂಡ್ ಬಂದೆ."

"ಮಾಡಿಟ್ಟಿದೀನಿ."

"ಸುಮ್ನೆ ಯಾಕೆ ತೊಂದ್ರೆ, ಅದೂ ಮುರಿದ ಕೈಲಿ."

"ಇಲ್ದಿದ್ರೆ ಚೆಲ್ಲೋದೇ ಮತ್ತೆ."

"ಚೆಲ್ಲೋದಾದ್ರೆ ಒಂದರ್ಧ ಲೋಟ ಹಾಕಮ್ಮ," ಎಂದ ಗೇಲನ್, ಲೋಟವನ್ನು ಆಗಲೇ ಮುಂದಕ್ಕೆ ತಳ್ಳಿ.

ಇದು ನಮ್ಮ ಕಡೆಯ ಧರ್ಮ. ಮೊದಲ ಸಲ ಕೇಳಿದಾಗ ಬೇಡ ಅನ್ನುವುದು ಮರ್ಯಾದೆಗೆ. ಎರಡನೆಯ ಸಲ ಬೇಡ ಅನ್ನುವುದು, ಕೇಳಿದವರಿಗೆ ನಿಜಕ್ಕೂ ಮನಸ್ಸಿದೆಯೋ ಎಂದು ನೋಡುವುದಕ್ಕೆ. ಮೂರನೆಯ ಸಲ ಕೇಳಿದರೆ ಅದು ನಿಜವಾದ ಕರೆ, ಆಗ ಒಪ್ಪಬೇಕು. ಮೊದಲ ಸಲಕ್ಕೇ ಹ್ಞೂಂ ಅನ್ನುವವನು ಒಂದೋ ಹಸಿದ ತೋಳ, ಇಲ್ಲವೇ ಶಿಕಾಗೋದವನು.

ಬರುವವರ ಹೆಸರು ಪಾಸ್ಟರ್ ಕರ್ಸ್ಟೆನ್ ಆಮೊಟ್ ಎಂದು ಮಾತ್ರ ನಮಗೆ ಗೊತ್ತಿತ್ತು. ಆ ನಾರ್ವೆಯ ಹೆಸರು ಕೇಳಿಯೇ ನಾವು ಹೊಂಬಣ್ಣದ ಜಡೆ, ನೀಲಿ ಕಣ್ಣು, ಗಟ್ಟಿ ಕಾಲು, ಎಲ್ಲ ಕಟ್ಟಿಕೊಂಡಿದ್ದೆವು. ಅವರು ಬಂದು ಪ್ರಸಂಗ ಮಾಡುವ ಭಾನುವಾರದ ಊಟಕ್ಕೆ ಹಾಟ್‌ಡಿಶ್ ಎಂದೂ ತೀರ್ಮಾನವಾಗಿತ್ತು: ಕೊಚ್ಚಿದ ದನದ ಮಾಂಸ, ಮೇಲೆ ಡಬ್ಬಿಯ ಅಣಬೆ ಸೂಪು, ಅದರ ಮೇಲೆ ಸಾಲಾಗಿ ಆಲೂಗಡ್ಡೆ ಉಂಡೆ, ಒಲೆಯೊಳಗೆ ಒಂದು ಗಂಟೆ. ಮದುವೆಗೂ ಅದೇ, ಮಣ್ಣಿಗೂ ಅದೇ. ಅಷ್ಟರಲ್ಲಿ ಗೇಲನ್‌ನ ಫೋನಿಗೆ ಅವರ ಫೋಟೋ ಬಂತು.

ಗೇಲನ್ ನೋಡಿದ. ವರ್ಲಿನ್ ಕಡೆ ತಿರುಗಿಸಿದ. ವರ್ಲಿನ್ ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ಒರೆಸಿ ಮತ್ತೆ ನೋಡಿದ. ಕಪ್ಪು ಕೂದಲು, ದುಂಡು ಮುಖ, ನಕ್ಕರೆ ಗೆರೆಯಾಗುವ ಕಣ್ಣು.

"ಇವ್ರು ಚೀನಾದವ್ರಲ್ವಾ?" ಎಂದ ಗೇಲನ್.

"ಜಪಾನ್ ಇರ್ಬೇಕು. ಅಥ್ವಾ ಆ ಕಡೆ ಎಲ್ಲೋ."

"ಆಮೊಟ್ ಅಂತಿದೆಯಲ್ಲೋ?"

"ಗಂಡನ ಹೆಸರಿರುತ್ತೆ."

"ಮದುವೆ ಆಗಿಲ್ಲ ಅಂತ ಬರ್ದಿದಾರೆ."

"ಹಾಗಾದ್ರೆ ತಪ್ಪು ಬರ್ದಿದಾರೆ," ಎಂದು ವರ್ಲಿನ್ ತೀರ್ಪು ಕೊಟ್ಟ.

ವಾರವಾರವೂ ದೇವರನ್ನು ಕಿವಿಯಿಂದಲೇ ನಂಬುವ ಜನ ನಾವು. ಆ ದಿನ ಮಾತ್ರ ಕಿವಿ ಬಿಟ್ಟು ಕಣ್ಣನ್ನು ನಂಬಿದೆವು.

"ಹಾಟ್‌ಡಿಶ್ ಆಗಲ್ಲ," ಎಂದ ವರ್ಲಿನ್. "ಪಾಪ, ಅಷ್ಟು ದೂರದಿಂದ ಬರ್ತಾರೆ. ಅವರ ಊಟ ಮಾಡಿ ಹಾಕ್ಬೇಕು. ಫ್ರೈಡ್ ರೈಸ್."

"ಯಾರು ಮಾಡೋದು?" ಎಂದಳು ಆರ್ಡಿಸ್. "ನನ್ನ ಕೈ ನೋಡು."

"ನಾನು."

ಗೇಲನ್‌ಗೆ ಕಾಫಿ ನೆತ್ತಿಗೇರಿತು. "ನೀನಾ? ಹೋದ ಸಲ ನೀನು ಬ್ರೆಡ್ ಸುಟ್ಟಾಗ ಅಗ್ನಿಶಾಮಕದವರಿಗೆ ನಾನೇ ಬಾಗಿಲು ತೆಗ್ದಿದ್ದು."

"ಆವತ್ತು ಬ್ರೆಡ್ಡಿಂದೇ ತಪ್ಪು. ಇಲ್ಲಿ ನೋಡು." ವರ್ಲಿನ್ ತನ್ನ ಫೋನ್ ಹಿಡಿದ. ತೆಳ್ಳಗಿನ ಹುಡುಗಿಯೊಬ್ಬಳು ನಗುನಗುತ್ತ ಬಾಣಲೆ ಆಡಿಸುತ್ತಿದ್ದಳು. "ಒಂದೇ ಬಾಣಲೆ. ಇಪ್ಪತ್ತು ನಿಮಿಷ. ಮಾಂಸ, ಅನ್ನ, ಮೊಟ್ಟೆ, ಬಟಾಣಿ, ಸೋಯಾ ಸಾಸು. ಮುಗೀತು. ಇಷ್ಟಕ್ಕೆ ನೀವು ಹೆಂಗಸರು ಅಷ್ಟು ವರ್ಷ ಅಡುಗೆಮನೆಯಲ್ಲಿ ಏನ್ ಮಾಡ್ತಿದ್ರಿ ಅಂತ ನಂಗೆ ಅರ್ಥ ಆಗಲ್ಲ."

ಆರ್ಡಿಸ್ ಹೂಜಿಯನ್ನು ಒಲೆಯ ಮೇಲೆ ಇಟ್ಟಳು, ಸ್ವಲ್ಪ ಸದ್ದಾಗುವ ಹಾಗೆ. "ಆಗ್ಲಿ. ಮಾಡು," ಎಂದಳು. ನಮ್ಮ ಕಡೆ ಹೆಂಗಸು ಹಾಗೆ ಹೇಳಿದರೆ ಬುದ್ಧಿ ಇರುವ ಗಂಡಸು ಮನೆ ಬಿಟ್ಟು ಕೊಟ್ಟಿಗೆಗೆ ಹೋಗುತ್ತಾನೆ. ವರ್ಲಿನ್ ಫ್ರೀಜರ್ ತೆಗೆದು ಮಾಂಸ ಹುಡುಕತೊಡಗಿದ.

ಹುಡುಗಿ ಒಂದು ಮಾತು ಒತ್ತಿ ಹೇಳಿದ್ದಳು: ಅನ್ನ ಹಿಂದಿನ ದಿನದ್ದಿರಬೇಕು, ತಣ್ಣಗಿರಬೇಕು. ವರ್ಲಿನ್ ಅದನ್ನು ಅಕ್ಷರಶಃ ಪಾಲಿಸಿದ. ಶನಿವಾರವೇ ಅಕ್ಕಿ ಬೇಯಿಸಿದ. ಆದರೆ ಅನ್ನ ಬೇಯಿಸುವುದು ಹೇಗೆ ಎಂದು ಅವಳು ಹೇಳಿರಲಿಲ್ಲ; ಅದನ್ನೂ ಹೇಳಬೇಕಾದೀತು ಎಂದು ಆ ಪಾಪದ ಹುಡುಗಿಗೆ ಹೊಳೆದಿರಲಿಕ್ಕಿಲ್ಲ. ನಮ್ಮ ಮನೆಗಳಲ್ಲಿ ಅಕ್ಕಿ ಎಂದರೆ ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿನ ಹಿಂದಿನ ದಿನ. ಹಾಲು ಕಾಯಿಸಿ, ಅಕ್ಕಿ ಸುರಿದು, ಸೌಟು ನಿಲ್ಲುವಷ್ಟು ಗಟ್ಟಿಯಾಗುವ ತನಕ ತಿರುವುವುದು. ಬೇರೆ ದಾರಿ ಇದೆಯೆಂದು ನಮಗೆ ಕೇಳಿ ಗೊತ್ತಿಲ್ಲ.

ವರ್ಲಿನ್ ಹಾಲು ಕಾಯಿಸಿದ. ಅಕ್ಕಿ ಸುರಿದ. ತಿರುವಿದ. ಆರ್ಡಿಸ್ ಕುರ್ಚಿಯಲ್ಲಿ ಕೂತು ನೋಡಿದಳು, ಅವಳಿಗೂ ತಪ್ಪು ಕಾಣಲಿಲ್ಲ.

"ದಾಲ್ಚಿನ್ನಿ ಹಾಕ್ಬೇಡ," ಎಂದಳಷ್ಟೇ. "ಇದು ಕ್ರಿಸ್‌ಮಸ್ ಅಲ್ಲ."

"ನಂಗೊತ್ತಿಲ್ವಾ?" ಎಂದ ಆತ, ದಾಲ್ಚಿನ್ನಿ ಡಬ್ಬಿಯನ್ನು ಕಪಾಟಿಗೆ ತಿರುಗಿ ಇಡುತ್ತ.

ಭಾನುವಾರ ಪಾಸ್ಟರ್ ಕರ್ಸ್ಟೆನ್ ಪ್ರಸಂಗ ಮಾಡಿದರು. ಚೆನ್ನಾಗಿತ್ತು, ಅದಕ್ಕಿಂತ ಮುಖ್ಯವಾಗಿ ಚಿಕ್ಕದಾಗಿತ್ತು. ಹಾಡುವಾಗ ಪುಸ್ತಕ ನೋಡಲಿಲ್ಲ. ನಾರ್ವೆಯ ಹಳೆಯ ಹಾಡೊಂದರ ಕೊನೆಯ ಚರಣವನ್ನು, ನಮ್ಮಲ್ಲೇ ಅರ್ಧ ಜನ ಮರೆತು ಗುಣುಗುಟ್ಟುವುದನ್ನು, ಅವರು ನಾರ್ವೆಯ ಮಾತಿನಲ್ಲೇ ಹಾಡಿದರು. ನನ್ನ ಕಿವಿ ನಿಮಿರಿತು. ಪಕ್ಕದಲ್ಲಿದ್ದ ಗೇಲನ್, "ಎಷ್ಟು ಬೇಗ ಕಲ್ತಿದಾರೆ ನೋಡು!" ಎಂದು ಪಿಸುಗುಟ್ಟಿದ.

ನಾವು ಪಾಸ್ಟರನ್ನು ಕರೆದುಕೊಂಡು ಬರುವ ಹೊತ್ತಿಗೆ, ಮೊದಲೇ ಮನೆಗೆ ಬಂದಿದ್ದ ವರ್ಲಿನ್ ಸೊಂಟಕ್ಕೆ ಆರ್ಡಿಸ್‌ಳ ಹೂವಿನ ಏಪ್ರನ್ ಕಟ್ಟಿದ್ದ. ಕಬ್ಬಿಣದ ಬಾಣಲೆಯಲ್ಲಿ ಮಾಂಸ ಸಿಡಿಯುತ್ತಿತ್ತು. ಒಂದೇ ಬಾಣಲೆಯ ಅಡುಗೆಗೆ ಅದುವರೆಗೆ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಬಿದ್ದಿದ್ದದ್ದು: ಹಾಲಿನ ಪಾತ್ರೆ, ಮೊಟ್ಟೆ ಕಲಕಿದ ಬಟ್ಟಲು, ಮಾಂಸ ಕರಗಿಸಿದ ತಟ್ಟೆ, ಸೋಸುವ ಜರಡಿ, ಆ ಜರಡಿ ಏಕೆಂದು ಅವನಿಗೂ ಗೊತ್ತಿರಲಿಲ್ಲ.

"ಬನ್ನಿ ಪಾಸ್ಟರ್, ಕೂತ್ಕೊಳಿ," ಎಂದ. "ನೀವು ಎಲ್ಲಿಯವ್ರು?"

"ಫರ್ಗಸ್ ಫಾಲ್ಸ್ ಹತ್ರ," ಎಂದರು ಅವರು, ಕೋಟು ಬಿಚ್ಚುತ್ತ. ನಮ್ಮ ಮಿನೆಸೋಟದ್ದೇ ಊರು ಅದು.

"ಅದಲ್ಲ. ನಿಜವಾಗಿ ಎಲ್ಲಿಯವ್ರು?"

"ನಿಜವಾಗಿಯೂ ಫರ್ಗಸ್ ಫಾಲ್ಸ್ ಹತ್ರ. ಊರಿಂದ ಸ್ವಲ್ಪ ಆಚೆ, ಡೈರಿ ದಾಟಿದ ಮೇಲೆ." ಅವರು ನಕ್ಕರು, ಈ ಪ್ರಶ್ನೆಗೆ ಬಹಳ ಸಲ ನಕ್ಕು ಸವೆದ ನಗು ಅದು. "ಕೊರಿಯಾದಿಂದ ಕೈಗೂಸಾಗಿದ್ದಾಗಲೇ ದತ್ತು ತಂದ್ರಂತೆ. ಆಮೊಟ್ ಅಪ್ಪ ಅಮ್ಮನೇ ನನಗೆ ಅಪ್ಪ ಅಮ್ಮ. ಹಸು ಕಟ್ಕೊಂಡು ಬೆಳ್ದವಳು ನಾನು."

ಅದೇ ಹೊತ್ತಿಗೆ ವರ್ಲಿನ್ ಫ್ರಿಜ್ಜಿನಿಂದ ಅನ್ನ ತೆಗೆದು ಬಾಣಲೆಗೆ ಬೋರಲು ಹಾಕಿದ. ಅದು ಉದುರಲಿಲ್ಲ. ಪಾತ್ರೆಯ ಆಕಾರದಲ್ಲೇ, ಇಟ್ಟಿಗೆಯಂತೆ, ಧೊಪ್ಪನೆ ಬಿತ್ತು. ಆ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು 'ಕೊರಿಯಾ' ಒಂದೇ.

"ಕೊರಿಯಾ!" ಎಂದ ಗೇಲನ್ ಕಡೆ ತಿರುಗಿ, ಪಂದ್ಯ ಗೆದ್ದವನಂತೆ. "ನಾ ಹೇಳಿಲ್ವಾ, ಆ ಕಡೆ ಎಲ್ಲೋ ಅಂತ?"

ಇಟ್ಟಿಗೆಯನ್ನು ಸೌಟಿನಿಂದ ಬಡಿದ. ಅದು ಮೊದಲು ಒಡೆಯಲಿಲ್ಲ, ಆಮೇಲೆ ಕರಗಿತು. ಹಾಲು ನೊರೆಗಟ್ಟಿತು. ಮೊಟ್ಟೆ ಬಿತ್ತು, ಬಟಾಣಿ ಬಿತ್ತು. ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಸಿಕ್ಕ ಸೋಯಾ ಪೊಟ್ಟಣಗಳನ್ನು ಹಲ್ಲಿನಿಂದ ಹರಿದು ಹರಿದು ಹಿಂಡಿದ. ಬಾಣಲೆಯೊಳಗಿನದು ಬೂದಿ ಬಣ್ಣಕ್ಕೆ ತಿರುಗಿ, ಜೌಗಿನಂತೆ ಗುಳ್ಳೆ ಬಿಟ್ಟು ನಿಟ್ಟುಸಿರಿಟ್ಟಿತು.

"ಫೋನಲ್ಲಿ ಹೀಗೇ ಇತ್ತಾ?" ಎಂದು ಗೇಲನ್ ಕೇಳಿದ.

"ಅಲ್ಲಿ ಬೆಳಕು ಬೇರೆ ಇತ್ತು."

ಆರ್ಡಿಸ್ ಎಡಗೈಯಲ್ಲಿ ತಟ್ಟೆ ಜೋಡಿಸಿದಳು. ಪ್ರಾರ್ಥನೆ ಆಯಿತು. ಎಂದಿಗಿಂತ ಸ್ವಲ್ಪ ಉದ್ದವೇ ಆಯಿತು. ಆಮೇಲೆ ಎಲ್ಲರೂ ಮುಳ್ಳುಚಮಚ ಎತ್ತಿ ಪಾಸ್ಟರ ಬಾಯಿ ನೋಡಿದೆವು.

ಅವರು ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು, ಅಗಿಯಲು ಅಲ್ಲಿ ಏನೂ ಇರಲಿಲ್ಲವಾದರೂ. ಮುಖದಲ್ಲಿ ಏನೋ ಹಾದುಹೋಯಿತು.

"ಇದ್ರಲ್ಲಿ... ಹಾಲಿದೆಯಾ?"

"ಮತ್ತೆ! ಹಾಲಲ್ಲೇ ಬೇಯ್ಸಿದ್ದು," ಎಂದ ವರ್ಲಿನ್.

"ನಮ್ಮಜ್ಜಿನೂ ಅಕ್ಕಿನ ಹಾಲಲ್ಲೇ ಬೇಯಿಸ್ತಿದ್ರು."

ವರ್ಲಿನ್ ಮೇಜು ಗುದ್ದಿದ. "ನೋಡಿದ್ಯೇನೇ ಆರ್ಡಿಸ್? ಕೊರಿಯಾದಲ್ಲೂ ಹಂಗೇ! ಎಲ್ಲಾ ಕಡೆ ಒಂದೇ ಪದ್ಧತಿ ಅಂದ್ರೆ ಆ ಪದ್ಧತಿನೇ ಸರಿ."

ಪಾಸ್ಟರ್ ಏನೋ ಹೇಳಲು ಹೊರಟು, ನಿಲ್ಲಿಸಿ, ತಟ್ಟೆಯ ಬಟಾಣಿಗಳನ್ನು ಒಂದೊಂದಾಗಿ ತಿಂದರು. ಗೇಲನ್ ತನ್ನ ಪಾಲನ್ನು ತಟ್ಟೆಯಂಚಿಗೆ ಹರಡಿ ಕಡಿಮೆ ಕಾಣುವ ಹಾಗೆ ಮಾಡಿದ. ವರ್ಲಿನ್ ಒಬ್ಬನೇ ಎರಡನೆಯ ಸಲ ಹಾಕಿಕೊಂಡ, ಅದೂ ತನ್ನನ್ನು ತಾನೇ ಮೂರು ಸಲ ಕೇಳದೆ.

ಊಟವಾದ ಮೇಲೆ ನಾನು ತಂದಿದ್ದ ಸಿಹಿ ತಿಂಡಿ, ನಿಂಬೆಹಣ್ಣಿನ ಬಾರ್‌ಗಳ ತಟ್ಟೆಯನ್ನು ಆರ್ಡಿಸ್ ಮುಂದಿಟ್ಟಳು. "ಒಂದು ತಗೊಳ್ಳಿ ಪಾಸ್ಟರ್."

"ಅಯ್ಯೋ ಬೇಡ, ಹೊಟ್ಟೆ ತುಂಬಿದೆ," ಎಂದರು ಅವರು. ಕಣ್ಣು ಮಾತ್ರ ತಟ್ಟೆಯ ಮೇಲೇ ಇತ್ತು.

ಆರ್ಡಿಸ್ ಬಾಯಿ ತೆರೆಯುವಷ್ಟರಲ್ಲಿ ವರ್ಲಿನ್ ತಟ್ಟೆಯನ್ನು ಎಳೆದುಕೊಂಡ. "ಬಲವಂತ ಮಾಡ್ಬೇಡ್ವೇ. ಬೇಡ ಅಂದ್ರಲ್ಲ. ಆ ಕಡೆಯವ್ರು ನಮ್ಮ ಥರ ಅಲ್ಲ, ಒಂದ್ಸಲ ಹೇಳಿದ್ರೆ ಹೇಳಿದ್ ಹಾಗೆ."

ಪಾಸ್ಟರ ಕೈ ಮೇಜಿನ ಮೇಲೆ ಅರ್ಧ ದಾರಿಯಲ್ಲಿತ್ತು. ಅದು ಅಲ್ಲೇ ಇದ್ದ ಉಪ್ಪಿನ ಡಬ್ಬಿಯನ್ನು ಸರಿಮಾಡಿ ಹಿಂದಕ್ಕೆ ಹೋಯಿತು.

ಆಮೇಲೆ ವರ್ಲಿನ್ ಗಂಟಲು ಸರಿಮಾಡಿಕೊಂಡ. ಆರ್ಡಿಸ್ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡಳು. ನಾವೆಲ್ಲ ಕಾದಿದ್ದ ಮಾತು ಅದು.

"ಪಾಸ್ಟರ್, ನಮ್ದು ಚಿಕ್ಕ ಸಭೆ. ಛಾವಣಿ ಸೋರುತ್ತೆ, ಆರ್ಗನ್ನಿನಲ್ಲಿ ಇಲಿ ಇದೆ. ಆದ್ರೂ ನೀವು ಬರ್ಬೇಕು ಅಂತ ನಮ್ಮಾಸೆ. ಬರ್ತೀರಾ?"

ಅವರ ಮುಖ ಕೆಂಪಾಯಿತು. "ಅಯ್ಯೋ, ನಾನಾ? ಬೇಡಿ, ಬೇಡಿ. ನಿಮಗೆ ನನಗಿಂತ ಒಳ್ಳೆಯವ್ರು ಸಿಗ್ತಾರೆ."

ಆರ್ಡಿಸ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಲ್ಲಿಂದ ದೇವಾಲಯದ ಗೋಪುರ ಕಾಣುತ್ತದೆ.

"ಸರಿ ಹಾಗಾದ್ರೆ," ಎಂದ ವರ್ಲಿನ್, ದನಿ ಸಣ್ಣದು ಮಾಡಿ. "ಬಂದಿದ್ದಕ್ಕೆ ಸಂತೋಷ." ಎದ್ದು ಹೋಗಿ ಅವರ ಕೋಟು ತಂದ. ಬೇಗ ತಂದ, ದುಃಖದಲ್ಲಿದ್ದಾಗ ಅವನು ಬಹಳ ಚುರುಕು.

ಪಾಸ್ಟರ್ ಕೋಟನ್ನೇ ನೋಡಿದರು. ಆಮೇಲೆ ಎರಡೂ ಅಂಗೈಯಿಂದ ಎರಡೂ ಮೊಣಕಾಲು ಬಡಿದುಕೊಂಡು, "ಹ್ಞೂಂ... ಹಾಗಾದ್ರೆ ಹೊರಡ್ತೀನಿ," ಎಂದರು. ಅಂದವರು ಏಳಲಿಲ್ಲ. ರಸ್ತೆಯ ಮಂಜುಗಡ್ಡೆಯ ಬಗ್ಗೆ ಮಾತಾಡಿದರು. ಎದ್ದು ಬಾಗಿಲಿಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು, ಜಿಂಕೆಗಳು ರಸ್ತೆಗೆ ಬರುವುದರ ಬಗ್ಗೆ ಮಾತಾಡಿದರು. ಮೆಟ್ಟಿಲ ಮೇಲೆ ನಿಂತು, ಈ ವರ್ಷ ಸರೋವರ ಯಾವಾಗ ಕರಗೀತು ಎಂದು ಕೇಳಿದರು. ವರ್ಲಿನ್ ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ಕೊಟ್ಟು, ಕೈ ಬೀಸಿ, ಬಾಗಿಲು ಹಾಕಿಕೊಂಡು ಬಂದ.

"ಮುಗೀತು," ಎಂದ. "ಬ್ರಾಂಡ್ಟ್‌ವಿಲ್."

"ಅವ್ರ ಕಾಫಿ ಕುಡ್ಯೋಕೆ ಈಗಿಂದ್ಲೇ ಅಭ್ಯಾಸ ಮಾಡ್ಬೇಕು," ಎಂದ ಗೇಲನ್. "ಬಿಸಿನೀರಿಗೆ ಕಾಫಿ ಪುಡಿ ತೋರಿಸಿ ತೆಗೀತಾರೆ ಅಷ್ಟೆ."

ಆರ್ಡಿಸ್ ಕಿಟಕಿ ಬಿಟ್ಟು ಕದಲಿರಲಿಲ್ಲ. "ಹೋಗಿಲ್ಲ," ಎಂದಳು.

"ಏನು?"

"ಕಾರು ಶುರು ಮಾಡಿದಾಳೆ. ಹೋಗಿಲ್ಲ. ಈ ಚಳಿಯಲ್ಲಿ ಕಾರಿನ ಗಾಜು ಇಳಿಸ್ಕೊಂಡು ಕೂತಿದಾಳೆ, ವರ್ಲಿನ್."

ನಾವೆಲ್ಲ ಕಿಟಕಿಗೆ ಹೋದೆವು. ನಿಜ. ಹೊರಡುವಾಗ ಮೊಣಕಾಲು ಬಡಿದುಕೊಂಡು ಕೂತೇ ಇರುವುದು, ಬಾಗಿಲ ಹಿಡಿ ಹಿಡಿದು ಜಿಂಕೆಯ ಮಾತು, ಕೊನೆಗೆ ಗಾಜು ಇಳಿಸಿ ಇನ್ನೊಂದು ಸುತ್ತು ವಿದಾಯ. ನನ್ನ ಅಮ್ಮ ಹಾಗೇ ಹೊರಡುತ್ತಿದ್ದದ್ದು. ಇಡೀ ಜಿಲ್ಲೆ ಹಾಗೇ ಹೊರಡುತ್ತದೆ.

ಆರ್ಡಿಸ್ ತಿರುಗಿದಳು. ಅಷ್ಟು ವರ್ಷ ಕಾರಿನೊಳಗೆ ಮಾತ್ರ ಆಡುತ್ತಿದ್ದ ಮಾತೆಲ್ಲ ಅವಳ ಬಾಯಿಗೆ ಒಮ್ಮೆಲೇ ಬಂತು.

"ಅಯ್ಯೋ ಮಂಕೇ! ಆಮೊಟ್ ಮನೆಯ ಹುಡುಗಿ ಅವಳು! ಹಾಲಲ್ಲಿ ಅಕ್ಕಿ ಬೇಯಿಸಿದ್ದು ಯಾವ ಕೊರಿಯಾದ ಅಜ್ಜಿನೋ? ನಮ್ಮಂಥದೇ ಅಜ್ಜಿ! ಅವಳು ಬೇಡ ಅಂದಿದ್ದು ಒಂದೇ ಸಲ! ನೀನು ಕೇಳಿದ್ದೂ ಒಂದೇ ಸಲ! ಮನೆಗೆ ಬಂದ ನಾಯಿಗೂ ನಾವು ಮೂರು ಸಲ ಕೇಳ್ತೀವಿ!"

"ಆದ್ರೆ ಅವ್ರು ನೋಡೋಕೆ..."

"ನೋಡ್ಬೇಡ! ಹೋಗಿ ಕೇಳು!"

ವರ್ಲಿನ್ ಹೂವಿನ ಏಪ್ರನ್‌ನಲ್ಲೇ, ಕೋಟಿಲ್ಲದೆ, ಹಿಮದ ಮೇಲೆ ಓಡಿದ. ನಾವು ಬಾಗಿಲು ತೆರೆದು ನಿಂತೆವು. ಅವನು ಕಾರಿನ ಮೇಲೆ ಕೈಯೂರಿ ಬಗ್ಗಿದ.

"ಪಾಸ್ಟರ್, ಬರ್ತೀರಾ?"

"ಇಲ್ಲಪ್ಪ, ನಿಮಗೆಲ್ಲ ಸುಮ್ನೆ ತೊಂದ್ರೆ..."

ಅವನು ನೆಟ್ಟಗಾಗಿ ನಮ್ಮ ಕಡೆ ನೋಡಿದ. ಮುಖ ಬಾಡಿತ್ತು. "ಎರಡನೇ ಸಲಾನೂ ಬೇಡ ಅಂದ್ರು!"

"ಎಣಿಸೋಕೆ ಬರಲ್ವಾ ನಿಂಗೆ?" ಎಂದು ಆರ್ಡಿಸ್ ಪ್ಲಾಸ್ಟರಿನ ಕೈಯನ್ನೇ ಎತ್ತಿ ಕೂಗಿದಳು. ಆ ದನಿ ಗೋಪುರದವರೆಗೂ ಹೋಗಿರಬೇಕು. "ಇನ್ನೊಂದ್ಸಲ!"

ವರ್ಲಿನ್ ಮತ್ತೆ ಬಗ್ಗಿದ. ಈ ಸಲ ಏನು ಕೇಳಿದನೋ ನಮಗೆ ಕೇಳಿಸಲಿಲ್ಲ. ಮೆಲ್ಲಗೆ ಕೇಳಿದ. ಒಳಗಿನಿಂದ ಬಂದ ಉತ್ತರ ಮಾತ್ರ ತಣ್ಣನೆಯ ಗಾಳಿಯಲ್ಲಿ ಸ್ಪಷ್ಟವಾಗಿ ಬಂತು.

"ಹಾಗಾದ್ರೆ... ನಿಮಗೇನೂ ತೊಂದ್ರೆ ಇಲ್ಲ ಅಂದ್ರೆ, ಬರ್ತೀನಿ."

ಇನ್ನೂ ಸ್ವಲ್ಪ ಹೊತ್ತು ಕಾರಿನ ಗಾಜಿನಲ್ಲಿ ಮಾತು ನಡೆಯಿತು. ವರ್ಲಿನ್ ಒಳಗೆ ಬರುವಾಗ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ಆರ್ಡಿಸ್ ಕುರ್ಚಿಯಲ್ಲಿ ಕೂತಳು. ಒಂದು ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗಿತು. ನಾವು ಮೂವರೂ, ನಮ್ಮ ಕಡೆಯ ಪದ್ಧತಿಯಂತೆ, ಬೇರೆ ಬೇರೆ ಗೋಡೆ ನೋಡಿದೆವು. ಆಮೇಲೆ ಅವಳು ಎದ್ದು, ಮುಖ ತೊಳೆಯುತ್ತೇನೆಂದು ಒಳಗೆ ಹೋದಳು.

"ಇಷ್ಟು ಹೊತ್ತು ಇನ್ನೇನಂದ್ರು?" ಎಂದು ಗೇಲನ್ ಕೇಳಿದ.

"ಛಾವಣಿ ಬಗ್ಗೆ ಕೇಳಿದ್ರು. ಇಲಿ ಬಗ್ಗೆ ಕೇಳಿದ್ರು. ಆಮೇಲೆ..." ವರ್ಲಿನ್ ಒಲೆಯ ಕಡೆ ನೋಡಿದ. ಬಾಣಲೆಯಲ್ಲಿ ಉಳಿದದ್ದು ಮತ್ತೆ ಗಟ್ಟಿಯಾಗಿ ಕೂತಿತ್ತು. "ಅವ್ರನ್ನ ಸ್ವಾಗತಿಸೋ ದಿನ ಸಭೆಯವ್ರು ದಯವಿಟ್ಟು ಫ್ರೈಡ್ ರೈಸ್ ಮಾಡೋದು ಬೇಡ ಅಂದ್ರು."

ಗೇಲನ್ ಯೋಚಿಸಿದ. ಗಲ್ಲ ಕೆರೆದುಕೊಂಡ.

"ಎಷ್ಟ್ ಸಲ ಬೇಡ ಅಂದ್ರು?"

"ಒಂದೇ ಸಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ತಾನೇ ಪಾಠ ಕಲಿತವರ ಗಂಭೀರ ಮುಖ.

"ಹಾಗಾದ್ರೆ ದೊಡ್ಡ ಪಾತ್ರೆನೇ ಬೇಕಾಗುತ್ತೆ," ಎಂದ ಗೇಲನ್. "ಹಾಲು ನಾನು ತರ್ತೀನಿ."